ಲೇಸರ್‌ಗೂ ಮೊದಲು ಆರು ವಾರ: ಬಂಗು, ಕಪ್ಪು ಕಲೆ ಮತ್ತು ನನ್ನ ಅನುಭವ

ದಾವಣಗೆರೆಯಲ್ಲಿ ಚರ್ಮರೋಗದ ಕ್ಲಿನಿಕ್ ಇಟ್ಟು, ಲೇಸರ್ ಮೆಷಿನ್ ತಂದ ಮೊದಲ ವರ್ಷದ ಮಾತು. ಮೂವತ್ತರ ಆಸುಪಾಸಿನ ಒಬ್ಬ ಶಿಕ್ಷಕಿ ಬಂದರು. ಎರಡೂ ಕೆನ್ನೆಯ ಮೇಲೆ ಸಣ್ಣ ಸಣ್ಣ ಕಂದು ಚುಕ್ಕೆ. ತಂಗಿಯ ಮದುವೆಗೆ ಎರಡು ತಿಂಗಳಿತ್ತು. "ಮೇಡಂ, ಅಷ್ಟರೊಳಗೆ ಹೋಗುತ್ತಾ?" ಎಂದು ಕೇಳಿದರು. ಹೋಗುತ್ತೆ ಅಂದುಬಿಟ್ಟೆ. 532 ನ್ಯಾನೋಮೀಟರ್‌ನ ತರಂಗಾಂತರದ ಹಸಿರು ಲೇಸರ್ ಬೆಳಕಿನಲ್ಲಿ ಒಂದೊಂದೇ ಚುಕ್ಕೆಗೆ ಹೊಡೆದೆ. ಹೊಡೆದ ಕೂಡಲೇ ಚುಕ್ಕೆ ಬೆಳ್ಳಗಾಯಿತು. ವಾರದಲ್ಲಿ ಹಕ್ಕಳೆ ಉದುರಿ ತಿಳಿ ಗುಲಾಬಿ ಚರ್ಮ ಕಾಣಿಸಿತು. ಇಬ್ಬರಿಗೂ ಖುಷಿ.

ನಾಲ್ಕನೇ ವಾರ ಅವರು ಸೆರಗಿನಿಂದ ಕೆನ್ನೆ ಮುಚ್ಚಿಕೊಂಡು ಬಂದರು. ತಿಳಿ ಕಂದು ಇದ್ದ ಕಡೆಯೆಲ್ಲ ಕಡು ಕಂದಾಗಿತ್ತು. ಅದು ಇಳಿಯಲು ಎಂಟು ತಿಂಗಳು ಹಿಡಿಯಿತು. ಮದುವೆಯ ಫೋಟೊಗಳಲ್ಲಿ ಅವರು ಹಿಂದಿನ ಸಾಲಿನಲ್ಲಿ ನಿಂತಿದ್ದಾರೆ. ತಪ್ಪು ನನ್ನದು.

ಯಾಕೆ ಹೀಗಾಯಿತು ಅಂತ ಆಮೇಲೆ ಕೂತು ಯೋಚಿಸಿದೆ. ಲೇಸರ್ ಬಣ್ಣವನ್ನು ಹುಡುಕಿಕೊಂಡು ಹೋಗುವ ಬೆಳಕು. ಅಮೆರಿಕದ ವೈದ್ಯರಾದ ಆ್ಯಂಡರ್ಸನ್ ಮತ್ತು ಪ್ಯಾರಿಶ್ 1983ರಲ್ಲಿ ಈ ತತ್ವವನ್ನು ವಿವರಿಸಿದರು: ಸರಿಯಾದ ಬಣ್ಣದ ಬೆಳಕನ್ನು ಬಹಳ ಕಡಿಮೆ ಹೊತ್ತು ಬಿಟ್ಟರೆ, ಬಿಸಿ ಆ ಕಲೆಯಲ್ಲೇ ನಿಲ್ಲುತ್ತದೆ, ಸುತ್ತಲಿನ ಚರ್ಮಕ್ಕೆ ಹರಡುವುದಿಲ್ಲ. ಬಿಳಿ ಚರ್ಮದಲ್ಲಿ ಮೆಲನಿನ್, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ವಸ್ತು, ಜಾಸ್ತಿ ಇರುವುದು ಆ ಕಲೆಯಲ್ಲೇ. ನಮ್ಮದು ಹಾಗಲ್ಲ. ಕಲೆಯ ಸುತ್ತಲಿನ ಒಳ್ಳೆಯ ಚರ್ಮದಲ್ಲೂ ಮೆಲನಿನ್ ತುಂಬಿದೆ. ಬೆಳಕು ಅದಕ್ಕೂ ಬಿಸಿ ಮುಟ್ಟಿಸುತ್ತದೆ. ನಮ್ಮ ಚರ್ಮದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳಿಗೆ ಸ್ವಲ್ಪ ಕಿರಿಕಿರಿಯಾದರೂ ಸಾಕು, ಇನ್ನಷ್ಟು ಬಣ್ಣ ಸುರಿಯುತ್ತವೆ. ಒಗ್ಗರಣೆ ಎಣ್ಣೆ ಸಿಡಿದ ಜಾಗ, ಸೊಳ್ಳೆ ಕಚ್ಚಿ ಕೆರೆದ ಜಾಗ, ಒಡೆದ ಮೊಡವೆ, ಎಲ್ಲ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುತ್ತವೆ ಅಲ್ವಾ? ಅದೇ ಕತೆ ಇದು.

ಬಿಸಿಲಿಗೆ ಚರ್ಮ ಸುಡುತ್ತದೋ ಕಪ್ಪಾಗುತ್ತದೋ ಎಂದು ನೋಡಿ ಗುಂಪು ಮಾಡುವ, ನಾವು ಕಲಿಯುವ ಚರ್ಮದ ವಿಂಗಡಣೆಯನ್ನು ಅಮೆರಿಕದ ಚರ್ಮವೈದ್ಯ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಮಾಡಿದ್ದು ಬಿಳಿ ಚರ್ಮವನ್ನು ನೋಡಿ. ಕಂದು ಮತ್ತು ಕಪ್ಪು ಚರ್ಮದ ಐದನೇ, ಆರನೇ ಗುಂಪು ಸೇರಿದ್ದು ಆಮೇಲೆ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ನಾಲ್ಕು, ಐದನೇ ಗುಂಪಿನವರು.

ಈಗ ನಾನು ಹೆಚ್ಚಾಗಿ ಬಳಸುವುದು 1064 ನ್ಯಾನೋಮೀಟರ್‌ನ ಬೆಳಕನ್ನು ಅತಿ ಚಿಕ್ಕ ಮಿಡಿತಗಳಲ್ಲಿ ಬಿಡುವ ಕ್ಯೂ-ಸ್ವಿಚ್ಡ್ ಎನ್‌ಡಿ ಯಾಗ್ ಲೇಸರ್. ಮೇಲ್ಪದರದ ಮೆಲನಿನ್ ಈ ಬೆಳಕನ್ನು ಕಡಿಮೆ ಹೀರುತ್ತದೆ, ಬೆಳಕು ಆಳಕ್ಕೆ ಇಳಿಯುತ್ತದೆ. ಮೊದಲ ದಿನ ಮುಖಕ್ಕೆ ಕೈ ಹಚ್ಚುವುದೇ ಇಲ್ಲ. ಕಿವಿಯ ಹತ್ತಿರ, ದವಡೆಯ ಅಂಚಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಟೆಸ್ಟ್ ಮಾಡಿ ಕಳಿಸುತ್ತೇನೆ. ಆರು ವಾರ ಕಾಯಬೇಕು. ವಾರಕ್ಕೆ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಕಪ್ಪು ತಿರುಗಿ ಬರುವುದು ಮೂರು ನಾಲ್ಕು ವಾರಕ್ಕೆ. ಆ ಶಿಕ್ಷಕಿಯಿಂದ ಕಲಿತ ಪಾಠ ಇದು.

ಆ ಆರು ವಾರ ಸನ್‌ಸ್ಕ್ರೀನ್ ತಪ್ಪಬಾರದು. ಸುಮ್ನೆ ಬಿಳಿ ಕ್ರೀಮ್ ಸಾಲದು. ನಮ್ಮ ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುತ್ತದೆ. ಅದನ್ನು ತಡೆಯುವುದು ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್. ಹೊಲದ ಕೆಲಸಕ್ಕೆ ಹೋಗುವವರು ಕೊಡೆ ಹಿಡಿದು ಕಳೆ ಕೀಳಲು ಆಗುವುದಿಲ್ಲ. ಅಗಲ ಅಂಚಿನ ಟೋಪಿ, ಅದರ ಮೇಲೆ ಸೆರಗು ಅನ್ನುತ್ತೇನೆ. ಅದೂ ಆಗದಿದ್ದರೆ ಲೇಸರ್ ಬೇಡ ಎಂದು ನೇರವಾಗಿ ಹೇಳುತ್ತೇನೆ. ದುಡ್ಡೂ ಹೋಗಿ, ಮುಖವೂ ಕಪ್ಪಾಗುವುದು ಯಾರಿಗೂ ಬೇಡ.

ಇನ್ನು ಬಂಗು. "ಲೇಸರ್ ಹೊಡೆದುಬಿಡಿ ಮೇಡಂ, ಒಂದೇ ಸಲಕ್ಕೆ ಹೋಗಲಿ" ಎಂದು ಬರುವವರೇ ಜಾಸ್ತಿ. ಬಂಗಿಗೆ ಲೇಸರ್ ಮೊದಲ ಮದ್ದಲ್ಲ, ಇದನ್ನು ನಾನು ಗಟ್ಟಿಯಾಗಿ ನಂಬಿದ್ದೇನೆ. ಬಂದವರ ಚೀಲದಲ್ಲಿ ಬಹುತೇಕ ಒಂದು ಕ್ರೀಮ್ ಟ್ಯೂಬ್ ಇರುತ್ತದೆ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟಿರಾಯ್ಡ್, ಮೂರೂ ಬೆರೆಸಿದ್ದು. ವೈದ್ಯರ ಕಣ್ಗಾವಲಿನಲ್ಲಿ ಕೆಲವೇ ವಾರ ಬಳಸಿದರೆ ಒಳ್ಳೆಯ ಔಷಧ. ಪಕ್ಕದ ಮನೆಯವರು ಹೇಳಿದರೆಂದು ವರ್ಷಗಟ್ಟಲೆ ಹಚ್ಚಿದರೆ ಮುಖ ಕೆಂಪಾಗಿ, ಚರ್ಮ ತೆಳುವಾಗಿ, ರಕ್ತನಾಳ ಎದ್ದು ಕಾಣುತ್ತದೆ, ಕೂದಲೂ ಬೆಳೆಯುತ್ತದೆ. ಬಿಟ್ಟರೆ ಉರಿ. ಇಂಥ ಮುಖಕ್ಕೆ ಲೇಸರ್ ಬಿಡುವ ಧೈರ್ಯ ನನಗಿಲ್ಲ. ಮೊದಲು ಆ ಕ್ರೀಮನ್ನು ಬಿಡಿಸಿ, ಚರ್ಮ ಸುಧಾರಿಸಿದ ಮೇಲೆ ಮುಂದಿನ ಮಾತು.

ಕಡಿಮೆ ಶಕ್ತಿಯಲ್ಲಿ ಇಡೀ ಮುಖಕ್ಕೆ ಲೇಸರ್ ಬಿಡುವ ಟೋನಿಂಗನ್ನು ನಾನೂ ಮಾಡಿದ್ದೇನೆ. ಬಂಗು ತಿಳಿಯಾಗುತ್ತದೆ. ನಿಲ್ಲಿಸಿದ ಕೆಲವು ತಿಂಗಳಿಗೆ ಹೆಚ್ಚಿನವರಲ್ಲಿ ಮರಳಿ ಬರುತ್ತದೆ. ಬೇರೊಂದು ಕ್ಲಿನಿಕ್ಕಿನಲ್ಲಿ ವಾರ ವಾರವೂ ಮಾಡಿಸಿಕೊಂಡು ಬಂದ ಒಬ್ಬರ ಕೆನ್ನೆಯಲ್ಲಿ ಅಕ್ಕಿ ಚೆಲ್ಲಿದಂತೆ ಬಿಳಿ ಚುಕ್ಕೆಗಳಿದ್ದವು. ಕಪ್ಪನ್ನು ತಿಳಿ ಮಾಡುವುದಕ್ಕಿಂತ ಆ ಬಿಳುಪನ್ನು ತುಂಬಿಸುವುದು ಕಷ್ಟ. ಹಾಗಾಗಿ ಔಷಧದ ಜೊತೆಗೆ, ಅಪರೂಪಕ್ಕೆ, ಹೆಚ್ಚು ಅಂತರ ಕೊಟ್ಟು ಮಾತ್ರ ಮಾಡುತ್ತೇನೆ. ಕುತ್ತಿಗೆ ಕಪ್ಪಾಗಿ ದಪ್ಪಗಾದವರಿಗೆ ಮೊದಲು ಸಕ್ಕರೆ ಪರೀಕ್ಷೆ, ಆಮೇಲೆ ಚರ್ಮದ ವಿಚಾರ; ಅದು ಸಕ್ಕರೆ ಕಾಯಿಲೆಯ ಸೂಚನೆ ಇರಬಹುದು.

ಲೇಸರ್ ನಿಜವಾಗಿ ಬೇಕಾಗುವುದು ಓಟಾ ಮಚ್ಚೆಗೆ. ಜಪಾನಿನ ಡಾಕ್ಟರ್ ಓಟಾ 1939ರಲ್ಲಿ ವಿವರಿಸಿದ ಮಚ್ಚೆ ಇದು, ಏಷ್ಯಾದವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಹೆಚ್ಚು. ಹರಿಹರದ ಕಡೆಯ ಒಬ್ಬ ಹುಡುಗಿ, ಹತ್ತೊಂಬತ್ತು ವರ್ಷ. ಒಂದು ಕಣ್ಣಿನ ಸುತ್ತ ಹಣೆಯಿಂದ ಕೆನ್ನೆಯವರೆಗೆ ಬೂದು ನೀಲಿ ಬಣ್ಣ, ಕಣ್ಣಿನ ಬಿಳಿ ಭಾಗದಲ್ಲೂ. ಜೊತೆಗೆ ಬಂದ ತಾಯಿ ತಲೆ ಎತ್ತದೆ ಹೇಳಿದರು: "ಬಸುರಿ ಇದ್ದಾಗ ಗ್ರಹಣದ ದಿನ ಹೊರಗೆ ಬಂದಿದ್ದೆ ಡಾಕ್ಟ್ರೇ, ನನ್ನಿಂದಲೇ ಹಿಂಗಾಯ್ತು."

ಮೊದಲು ಅವರ ಜೊತೆ ಮಾತಾಡಿದೆ. ಮಗು ಹೊಟ್ಟೆಯಲ್ಲಿ ಬೆಳೆಯುವಾಗ ಮೇಲ್ಪದರಕ್ಕೆ ಬರಬೇಕಾದ ಬಣ್ಣ ತಯಾರಿಸುವ ಜೀವಕೋಶಗಳು ಆಳದಲ್ಲೇ ಉಳಿದಿವೆ, ಅಷ್ಟೇ ಅಮ್ಮಾ, ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ ಅಂದೆ. ಎರಡು ಮೂರು ಸಲ ಹೇಳಬೇಕಾಯಿತು. ಆಮೇಲೆ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದೆ, ಈ ಮಚ್ಚೆ ಇರುವವರಲ್ಲಿ ಕಣ್ಣಿನ ಒತ್ತಡ ಏರುವ ಸಾಧ್ಯತೆ ಇರುತ್ತದೆ. ಒತ್ತಡ ಸರಿಯಿತ್ತು. ಟೆಸ್ಟ್, ಆರು ವಾರ, ಆಮೇಲೆ 1064ರಲ್ಲಿ ಶುರು. ರೆಪ್ಪೆಯ ಹತ್ತಿರ ಮಾಡುವಾಗ ಮರಗಟ್ಟಿಸುವ ಹನಿ ಹಾಕಿ, ರೆಪ್ಪೆಯೊಳಗೆ ಲೋಹದ ಕವಚ ಇಟ್ಟೆ. ಒಡೆದ ಬಣ್ಣವನ್ನು ದೇಹವೇ ಹೊತ್ತು ಸಾಗಿಸಬೇಕು, ಅದಕ್ಕೆ ಸಮಯ ಬೇಕು. ಮೂರು ತಿಂಗಳಿಗೊಮ್ಮೆ ಮಾತ್ರ ಕರೆದೆ.

ಆರು ಸಲ ಆಗಿದೆ. ಹಣೆ, ಕೆನ್ನೆ ತಿಳಿಯಾಗಿವೆ. ಕೆಳರೆಪ್ಪೆಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ, ಮುಂದಿನ ತಿಂಗಳು ಏಳನೇ ಸಲ. ಕಣ್ಣಿನ ಬಿಳಿ ಭಾಗದ ಕಲೆ ಹಾಗೇ ಇರುತ್ತದೆ, ಅಲ್ಲಿ ಈ ಲೇಸರ್ ಮುಟ್ಟಿಸುವಂತಿಲ್ಲ. ಅದನ್ನು ಮೊದಲ ದಿನವೇ ಇಬ್ಬರಿಗೂ ಹೇಳಿದ್ದೆ.