ಕೆಂಪುಕಲ್ಲಿನ ಗೋಡೆ ದಾಟದ ವೈಫೈಗೆ ಹಳೆಯ ರೂಟರೇ ಆಸರೆ

ಚಾವಡಿಯಲ್ಲಿ ಕೂತರೆ ವೀಡಿಯೊ ಸರಾಗ, ಒಳಕೋಣೆಗೆ ಹೋದರೆ ಗಿರಗಿರ ತಿರುಗುವ ಚಕ್ರ. ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಇದಕ್ಕೆ ಮುಖ್ಯ ಕಾರಣ ಗೋಡೆ. ಕೆಂಪುಕಲ್ಲಿನ ಗೋಡೆ ಎಂಟು-ಒಂಬತ್ತು ಇಂಚು ದಪ್ಪ, ಕಲ್ಲಿನ ಮೈತುಂಬ ತೂತು. ಮಳೆಗಾಲದಲ್ಲಿ ಸಾರಣೆ ಇಲ್ಲದ ಗೋಡೆ ನೀರು ಕುಡಿದರೆ ಸಿಗ್ನಲನ್ನು ಇನ್ನಷ್ಟು ಹೀರುತ್ತದೆ. ಇಂಥ ಎರಡು ಗೋಡೆಗಳಾಚೆಗೆ ವೈಫೈಯ ವೇಗದ ತರಂಗಪಟ್ಟಿಯಾದ 5 ಗಿಗಾಹರ್ಟ್ಸ್ ತಲುಪುವುದೇ ಕಷ್ಟ. 2.4 ಗಿಗಾಹರ್ಟ್ಸ್ ನಿಧಾನವಾದರೂ ಹೇಗೋ ಹೋಗಿ ಮುಟ್ಟುತ್ತದೆ.

ಕಾಸು ಬಿಚ್ಚುವ ಮೊದಲು ಅಳೆಯಿರಿ. ಆಂಡ್ರಾಯ್ಡ್ ಮೊಬೈಲಿಗೆ ಉಚಿತ ವೈಫೈ ಅನಲೈಸರ್ ಆ್ಯಪ್ ಹಾಕಿ, ಒಂದೊಂದು ಕೋಣೆಯಲ್ಲೂ ಬಾಗಿಲು ಮುಚ್ಚಿ ಡಿಬಿಎಂ (ಸಿಗ್ನಲ್ ಎಷ್ಟು ಗಟ್ಟಿ ಎಂಬ ಅಳತೆ) ಅಂಕಿ ಬರೆದುಕೊಳ್ಳಿ. ಮೈನಸ್ 50 ಬಹಳ ಚೆನ್ನ, ಮೈನಸ್ 67ರವರೆಗೆ ವೀಡಿಯೊ ಕರೆಗೂ ಸಾಕು, ಮೈನಸ್ 80 ಅಂದರೆ ಕೆಲಸಕ್ಕೆ ಬಾರದು. 3 ಡಿಬಿ ಇಳಿದರೆ ಸಿಗ್ನಲಿನ ಶಕ್ತಿ ಅರ್ಧವಾದಂತೆ.

ಈಗ ರೂಟರಿನ ಜಾಗ ನೋಡಿ. ವಯರು ಒಳಬಂದ ಕಿಟಕಿಯ ಪಕ್ಕ, ಟಿವಿಯ ಹಿಂದೆ ಕೂತಿದ್ದರೆ ಅದನ್ನು ಮನೆಯ ನಡುವಿಗೆ, ಆಳೆತ್ತರಕ್ಕೆ ತನ್ನಿ. ಕಬ್ಬಿಣದ ಕಪಾಟು, ಫ್ರಿಜ್, ದೊಡ್ಡ ಕನ್ನಡಿ ದಾರಿಗೆ ಅಡ್ಡ ಬರಬಾರದು. ಸಿಗ್ನಲ್ ಗೋಡೆಯನ್ನು ಓರೆಯಾಗಿ ಹಾಯ್ದರೆ ಹೆಚ್ಚು ಕಲ್ಲಿನೊಳಗೆ ಸಾಗಬೇಕಾಗುತ್ತದೆ, ಆದ್ದರಿಂದ ಬಾಗಿಲಿನ ನೇರಕ್ಕೆ ಇಟ್ಟರೆ ಲಾಭ. ಫೈಬರ್ ವಯರನ್ನು ಮಾತ್ರ ಮಡಚಬೇಡಿ, ಅಗಲವಾದ ಸುತ್ತಿನಲ್ಲೇ ಇರಲಿ. ಕದ್ರಿ, ಮಣಿಪಾಲದ ಫ್ಲ್ಯಾಟುಗಳಲ್ಲಿ ಅಕ್ಕಪಕ್ಕದವರ ಸಿಗ್ನಲ್‌ನದ್ದೇ ಗದ್ದಲ. ಅಲ್ಲಿ ರೂಟರಿನ ಸೆಟ್ಟಿಂಗಿನಲ್ಲಿ 2.4ಕ್ಕೆ 1, 6, 11ರಲ್ಲಿ ಖಾಲಿ ಇರುವ ಚಾನೆಲ್ (ಸಿಗ್ನಲ್ ಸಾಗುವ ಓಣಿ) ಆರಿಸಿ, ಅದರ ಅಗಲ 20 ಮೆಗಾಹರ್ಟ್ಸ್ ಇಡಿ.

ಇಷ್ಟಕ್ಕೂ ಸುಧಾರಿಸದಿದ್ದರೆ ಸಿಗ್ನಲನ್ನು ಹಿಡಿದು ಮತ್ತೆ ಹರಡುವ ಅಗ್ಗದ ರಿಪೀಟರ್‌ಗೆ ಆಸೆಪಡಬೇಡಿ. ಒಂದೇ ರೇಡಿಯೊದಲ್ಲಿ ಕೇಳಿ ಮತ್ತೆ ಹೇಳಬೇಕಾದ್ದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ. ಸಿಗ್ನಲೇ ಇಲ್ಲದ ಕೋಣೆಯಲ್ಲಿ ಇಟ್ಟರೆ ಅದಕ್ಕೂ ಏನೂ ಸಿಗದು. ಅಟ್ಟದಲ್ಲಿ ಬಿದ್ದಿರುವ ಹಳೆಯ ರೂಟರ್ ಇದಕ್ಕಿಂತ ಎಷ್ಟೋ ಮೇಲು. ಅದನ್ನು ಒಳಕೋಣೆಯಲ್ಲಿಟ್ಟು ವಯರಿನಿಂದ ಮುಖ್ಯ ರೂಟರಿಗೆ ಜೋಡಿಸಿ.

ಮೊದಲು ಹಳೆಯ ರೂಟರಿನ ರೀಸೆಟ್ ಗುಂಡಿಯನ್ನು ಸೂಜಿಯಿಂದ 10 ಸೆಕೆಂಡು ಒತ್ತಿ. ಅಡಿಯ ಚೀಟಿಯಲ್ಲಿರುವ ವಿಳಾಸವನ್ನು ಬ್ರೌಸರಿನಲ್ಲಿ ಕೊಟ್ಟು ಒಳಹೊಕ್ಕು, ಆಕ್ಸೆಸ್ ಪಾಯಿಂಟ್ ಮೋಡ್ (ರೂಟರ್ ಬರೀ ವೈಫೈ ಹರಡುವ ವಿಧಾನ) ಇದೆಯೇ ನೋಡಿ. ಇದ್ದರೆ ಅದನ್ನೇ ಆರಿಸಿ, ವೈಫೈ ಹೆಸರು, ಪಾಸ್‌ವರ್ಡ್ ಕೊಟ್ಟರೆ ಕೆಲಸ ಮುಗಿಯಿತು. ಇಲ್ಲದಿದ್ದರೆ ಈ ಕ್ರಮ ತಪ್ಪಿಸಬೇಡಿ: ಮುಖ್ಯ ರೂಟರಿನದ್ದೇ ಹೆಸರು, ಪಾಸ್‌ವರ್ಡ್ ಕೊಡಿ, ಚಾನೆಲ್ ಬೇರೆ ಇಡಿ. ಮುಖ್ಯ ರೂಟರ್ 192.168.1.1 ಆಗಿದ್ದರೆ ಹಳೆಯದರ ಲ್ಯಾನ್ (ಮನೆಯೊಳಗಿನ ಜಾಲ) ವಿಳಾಸವನ್ನು 192.168.1.250ರಂತೆ, ಮುಖ್ಯ ರೂಟರ್ ಹಂಚುವ ವಿಳಾಸಗಳ ಹೊರಗೆ ಇಡಿ. ಕೊನೆಗೆ ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ ಡಿಎಚ್‌ಸಿಪಿಯನ್ನು, ಅಂದರೆ ವಿಳಾಸ ಹಂಚುವ ಸೌಲಭ್ಯವನ್ನು, ಆಫ್ ಮಾಡಿಬಿಡಿ. ಅದನ್ನು ಮೊದಲೇ ಆಫ್ ಮಾಡಿದರೆ ನಿಮ್ಮ ಮೊಬೈಲಿಗೆ ವಿಳಾಸ ಸಿಗದೆ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತೀರಿ. ಆಫ್ ಮಾಡಲು ಮರೆತರೋ ಎರಡೂ ರೂಟರ್ ವಿಳಾಸ ಹಂಚಿ ನೆಟ್ ಬಂದು ಹೋಗಿ ಮಾಡುತ್ತದೆ. ಹೀಗೆ ಕೈಯಾರೆ ಹೊಂದಿಸಿದ ರೂಟರಿನಲ್ಲಿ ವಯರನ್ನು ಲ್ಯಾನ್ ತೂತಿಗೇ ಚುಚ್ಚಿ, ಹೊರಗಿನ ಇಂಟರ್ನೆಟ್ ವಯರಿಗಿರುವ ವ್ಯಾನ್ (WAN) ತೂತಿಗಲ್ಲ.

ವಯರು ಕೊಳ್ಳುವಾಗ ಅಪ್ಪಟ ತಾಮ್ರದ ಕ್ಯಾಟ್ 6 ದರ್ಜೆಯ ನೆಟ್‌ವರ್ಕ್ ವಯರು ಕೇಳಿ, ತುದಿಯ ತಂತಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ನಮ್ಮ ಕಡಲ ಗಾಳಿಗೆ ಬೇಗ ತಿಂದುಹೋಗುತ್ತದೆ. ತುದಿಗೆ ಆರ್‌ಜೆ-45 ಎಂಬ ಕನೆಕ್ಟರ್ ಹಾಕುವಾಗ ಹೊರಸಿಪ್ಪೆ ಒಂದಿಂಚು ತೆಗೆದು, ಕನೆಕ್ಟರಿನ ಕೊಕ್ಕೆ ಕೆಳಗಿರುವಂತೆ ಹಿಡಿದು, ಎಡದಿಂದ ಈ ಸಾಲಿನಲ್ಲಿ ಜೋಡಿಸಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ತಂತಿಗಳನ್ನು ಅರ್ಧ ಇಂಚಿಗೆ ಸಮನಾಗಿ ಕತ್ತರಿಸಿ ಕೊನೆಮುಟ್ಟ ತೂರಿಸಿ. ಸಿಪ್ಪೆಯೂ ಕನೆಕ್ಟರಿನೊಳಗೆ ಕಚ್ಚಿಕೊಂಡಿರಬೇಕು, ಇಲ್ಲದಿದ್ದರೆ ಒಂದು ಎಳೆತಕ್ಕೆ ತಂತಿ ಸಡಿಲ. ಎರಡೂ ತುದಿ ಒಂದೇ ಕ್ರಮ. ಗೋಡೆ ಕೊರೆಯುವಾಗ ತೂತು ಹೊರಕ್ಕೆ ತುಸು ಇಳಿಜಾರಾಗಿರಲಿ, ಮಳೆನೀರು ಒಳಗೆ ಬಾರದು.

ಔಟ್‌ಹೌಸಿಗೋ ಕೊಟ್ಟಿಗೆಗೋ ಬಯಲಿನಲ್ಲಿ ತಾಮ್ರದ ವಯರು ಎಳೆಯಬೇಡಿ. ಏಪ್ರಿಲ್-ಮೇ ಮತ್ತು ಅಕ್ಟೋಬರಿನ ಸಿಡಿಲಿಗೆ ಎರಡೂ ರೂಟರ್ ಸುಡಬಹುದು. ಅಲ್ಲಿಗೆ ಫೈಬರ್ ಎಳೆಸುವುದೇ ಸರಿ. ಮನೆಯೊಳಗೂ ಗುಡುಗು ಶುರುವಾಗುವ ಮೊದಲೇ ಕರೆಂಟಿನ ಪ್ಲಗ್ಗಿನ ಜೊತೆಗೆ ಲ್ಯಾನ್ ವಯರನ್ನೂ ಕಿತ್ತಿಡಿ.