ಕಾರ್ಡಿನ ಬಡ್ಡಿಯನ್ನು ಸೊಸೈಟಿ ಬಡ್ಡಿಗೆ ಹೋಲಿಸುವ ಮುನ್ನ

ಬ್ಯಾಂಕಿನ ಕ್ರೆಡಿಟ್ ಕಾರ್ಡನ್ನು ಊರಿನ ಸಹಕಾರ ಸಂಘದ ಸಾಲದೊಂದಿಗೆ ಹೋಲಿಸುವವರು ಕಾರ್ಡಿನ ಬಡ್ಡಿದರವನ್ನು ಮೊದಲು ಹನ್ನೆರಡರಿಂದ ಗುಣಿಸಿ, ಬಂದದ್ದರ ಮೇಲೆ ಶೇ. 18ರ ಜಿಎಸ್‌ಟಿಯನ್ನೂ ಸೇರಿಸಿಕೊಳ್ಳಬೇಕು. ಕಾರ್ಡಿನ ದರವನ್ನು ಸಾಮಾನ್ಯವಾಗಿ ತಿಂಗಳ ಲೆಕ್ಕದಲ್ಲಿಯೂ ಸಂಘದ ದರವನ್ನು ವರ್ಷದ ಲೆಕ್ಕದಲ್ಲಿಯೂ ಹೇಳುವುದರಿಂದ, ಕಾರ್ಡಿನ ಶೇ. ಮೂರೂವರೆ ಎಂಬುದು ಸಂಘದ ಶೇ. ಹನ್ನೆರಡಕ್ಕಿಂತ ಅಗ್ಗವೆಂದು ತೋರುತ್ತದೆ. ವಾಸ್ತವದಲ್ಲಿ ಅದು ವರ್ಷಕ್ಕೆ ಶೇ. 42, ತೆರಿಗೆ ಸೇರಿದರೆ ಶೇ. 49.56. ಅಡಿಕೆಗೆ ಒಳ್ಳೆಯ ಧಾರಣೆ ಬರಲೆಂದು ಕಾಯುತ್ತಾ 20,000 ರೂಪಾಯಿ ಬಾಕಿ ಉಳಿಸಿಕೊಂಡರೆ, ಈ ದರದ ಕಾರ್ಡಿಗೆ ತಿಂಗಳಿಗೆ ಸುಮಾರು 826 ರೂಪಾಯಿ ತೆರಬೇಕಾಗುತ್ತದೆ, ಶೇ. 12ರ ಸಂಘದ ಸಾಲಕ್ಕಾದರೆ 200 ರೂಪಾಯಿ. ಕಾರ್ಡಿನಲ್ಲಿ ಹಳೆಯ ಬಾಕಿ ಇರುವಾಗ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಾಮಾನ್ಯವಾಗಿ ದೊರೆಯುವುದಿಲ್ಲ ಎಂಬುದನ್ನೂ, ಕನಿಷ್ಠ ಮೊತ್ತ ಕಟ್ಟಿದರೆ ವಿಳಂಬ ಶುಲ್ಕ ತಪ್ಪುತ್ತದೆಯೇ ಹೊರತು ಬಡ್ಡಿ ತಪ್ಪುವುದಿಲ್ಲ ಎಂಬುದನ್ನೂ ಹಲವರು ಗಮನಿಸುವುದಿಲ್ಲ. ಪ್ರತಿ ತಿಂಗಳು ಪೂರ್ಣ ಬಿಲ್ಲನ್ನು ಗಡುವಿನೊಳಗೆ ಕಟ್ಟುವವರಿಗೆ ಈ ಗುಣಾಕಾರದ ಅಗತ್ಯವೇ ಇಲ್ಲ. ಅವರು ವಾರ್ಷಿಕ ಶುಲ್ಕವನ್ನಷ್ಟೇ ನೋಡಿದರೆ ಸಾಕು. ಒಂದೆರಡು ತಿಂಗಳ ಸಣ್ಣ ಸಾಲದಲ್ಲಿಯೂ ಈ ಲೆಕ್ಕ ಕೈಕೊಡಬಹುದು, ಏಕೆಂದರೆ ಸಂಘದಲ್ಲಿ ಷೇರು ಹಣ, ಛಾಪಾ ಕಾಗದ, ಅರ್ಜಿ ಶುಲ್ಕಗಳೆಂದು ಕಡಿತವಾಗುವ ಮೊತ್ತವೇ ಉಳಿತಾಯವನ್ನು ನುಂಗಿಬಿಡುವುದುಂಟು. ಆದ್ದರಿಂದ ಅಲ್ಲಿ ಬಡ್ಡಿಯ ಜೊತೆಗೆ, ಕೈಗೆ ಬರುವ ಹಣ ಎಷ್ಟೆಂಬುದನ್ನೂ ಕೇಳಿಕೊಳ್ಳಿ.