ಡಿಸ್ಚಾರ್ಜ್ ಸಮ್ಮರಿ ಓದೋದು ಹೇಗೆ? ಸ್ಕೂಲಲ್ಲಿ ಮಾಡಿದ 'ಬಿಡಿಸಿ ಬರೆಯಿರಿ' ಸಾಕು

ಹೋದ ವರ್ಷ ಅಮ್ಮಂಗೆ ಊಟ ಆದ್ಮೇಲೆ ಬಲಗಡೆ ಪಕ್ಕೆ ಕೆಳಗೆ ಹಿಂಡಿದಂಗೆ ನೋವು ಬರ್ತಿತ್ತು, ಜಯನಗರದ ಕಡೆ ಒಂದು ಆಸ್ಪತ್ರೆಗೆ ಸೇರಿಸಿ ಆಪರೇಷನ್ನೂ ಆಯ್ತು, ಮೂರನೇ ದಿನ ಕೈಗೊಂದು ಡಿಸ್ಚಾರ್ಜ್ ಸಮ್ಮರಿ ಕೊಟ್ಟು ಕಳಿಸಿದ್ರು. ಅದ್ರಲ್ಲಿ ಕೋಲಿಲಿಥಿಯಾಸಿಸ್, ಲ್ಯಾಪರೋಸ್ಕೋಪಿಕ್ ಕೋಲಿಸಿಸ್ಟೆಕ್ಟಮಿ ಅಂತ ಬರೆದಿತ್ತು, ಯಾರೂ ಕೂತ್ಕೊಂಡು ಬಿಡಿಸಿ ಹೇಳಿರ್ಲಿಲ್ಲ. ಆಟೋದಲ್ಲಿ ಬರೋವಾಗ ಅಮ್ಮ "ಕೋಲಿ ಅಂತಿದ್ಯಲ್ಲೋ, ನಂಗೆ ಕಾಲರಾ ಏನಾದ್ರೂ ಬಂದಿತ್ತೇನೋ" ಅಂತ ಕೇಳಿದ್ರು. ಅವತ್ತು ರಾತ್ರಿ ಕೂತು ಆ ಪದಗಳನ್ನ ಒಡೆದು ನೋಡ್ದೆ, ಅವತ್ತಿಂದ ಮನೆಗೆ ಯಾವ ರಿಪೋರ್ಟ್ ಬಂದ್ರೂ ಹಂಗೇ ಓದ್ತೀನಿ. ನೀವೂ ಓದಬಹುದು, ಕಷ್ಟ ಇಲ್ಲ.

ಮೊದಲನೇ ವಿಷಯ, ಪದಾನ ಹಿಂದಿನಿಂದ ಓದಿ. ಬಾಲ ನೋಡಿದ್ರೆ ಏನಾಗಿದೆ ಅಂತ ಗೊತ್ತಾಗತ್ತೆ, ಮುಂದಿನ ಭಾಗ ಎಲ್ಲಿ ಅಂತ ಹೇಳತ್ತೆ. ಕೊನೇಲಿ 'ಐಟಿಸ್' ಇದ್ರೆ ಉರಿಯೂತ, ಅಂದ್ರೆ ಊದ್ಕೊಂಡು ಕೆಂಪಾಗಿ ನೋಯೋದು. ಗ್ಯಾಸ್ಟ್ರೈಟಿಸ್ ಜಠರದ್ದು, ಆರ್ಥ್ರೈಟಿಸ್ ಕೀಲಿಂದು. 'ಎಕ್ಟಮಿ' ಇದ್ರೆ ಕತ್ತರಿಸಿ ಹೊರಗೆ ತೆಗೆದಿದ್ದಾರೆ, 'ಆಟಮಿ' ಇದ್ರೆ ಕೊಯ್ದಿದ್ದಾರೆ ಅಷ್ಟೇ, 'ಆಸ್ಟಮಿ' ಇದ್ರೆ ಹೊಸದಾಗಿ ಒಂದು ದಾರಿ ಮಾಡಿದ್ದಾರೆ. ಈ ಮೂರು ಕಿವಿಗೆ ಒಂದೇ ತರ ಕೇಳತ್ತೆ, ಆದ್ರೆ ಅಂಗ ಒಳಗೆ ಇದ್ಯಾ ಇಲ್ವಾ ಅನ್ನೋದೇ ಇದ್ರ ಮೇಲಿದೆ, ಹಾಗಾಗಿ ಸ್ಪೆಲಿಂಗ್ ನೋಡೇ ಓದಿ. 'ಈಮಿಯಾ' ಅಂದ್ರೆ ರಕ್ತದ ವಿಷಯ, 'ಆಲ್ಜಿಯಾ' ಅಂದ್ರೆ ನೋವು.

ಈಗ ಅಮ್ಮನ ಪದಕ್ಕೆ ಬನ್ನಿ. ಗ್ರೀಕ್‌ನಲ್ಲಿ ಕೋಲೆ ಅಂದ್ರೆ ಪಿತ್ತ, ಲಿಥೋಸ್ ಅಂದ್ರೆ ಕಲ್ಲು, ಅಲ್ಲಿಗೆ ಕೋಲಿಲಿಥಿಯಾಸಿಸ್ ಅಂದ್ರೆ ಪಿತ್ತದ ಕಲ್ಲು ಆಗಿರೋದು. ಸಿಸ್ಟ್ ಅಂದ್ರೆ ಚೀಲ, ಕೋಶ, ಕೋಲಿಸಿಸ್ಟ್ ಅಂದ್ರೆ ಅಕ್ಷರಕ್ಕೆ ಅಕ್ಷರ ನಮ್ಮ ಪಿತ್ತಕೋಶ, ಅದಕ್ಕೆ ಎಕ್ಟಮಿ ಸೇರಿದ್ರೆ ಪಿತ್ತಕೋಶ ತೆಗೆದಿದ್ದಾರೆ ಅಂತ. ಲ್ಯಾಪರೋಸ್ಕೋಪಿಕ್‌ನಲ್ಲಿ ಲಪಾರ ಅಂದ್ರೆ ಹೊಟ್ಟೆ ಪಕ್ಕ, ಸ್ಕೋಪ್ ಅಂದ್ರೆ ನೋಡೋದು, ಸಣ್ಣ ತೂತಲ್ಲಿ ಕ್ಯಾಮೆರಾ ಬಿಟ್ಟು ಮಾಡಿದ್ದು. ಅಮ್ಮನ ಅನುಮಾನಾನೂ ಪೂರ್ತಿ ತಪ್ಪಲ್ಲ, ಕಾಲರಾ ಅನ್ನೋ ಹೆಸರೂ ಅದೇ ಪಿತ್ತದ ಕೋಲೆಯಿಂದ ಬಂದಿದ್ದು ಅಂತಾರೆ, ಕಾಯಿಲೆ ಮಾತ್ರ ಪೂರ್ತಿ ಬೇರೆ.

ನಂಗೆ ತುಂಬಾ ಖುಷಿ ಕೊಟ್ಟಿದ್ದು ಇನ್ನೊಂದು. ಗ್ರೀಕು, ಲ್ಯಾಟಿನ್ನು, ಸಂಸ್ಕೃತ ಮೂರೂ ಒಂದೇ ಮೂಲದ ಭಾಷೆಗಳು, ನಮ್ಮ ಕನ್ನಡದಲ್ಲಿ ಸಂಸ್ಕೃತ ಪದಗಳು ಬೇಕಾದಷ್ಟಿವೆ, ಅದಕ್ಕೇ ಈ ಪದಗಳ ಅಣ್ಣತಮ್ಮಂದಿರು ನಮಗೆ ಆಗ್ಲೇ ಗೊತ್ತು. ಹೈಪರ್ ಅಂದ್ರೆ ಉಪರಿ, ಮೇಲೆ, ಜಾಸ್ತಿ. ಹೈಪೋ ಅಂದ್ರೆ ಉಪ, ಕೆಳಗೆ, ಉಪಮುಖ್ಯಮಂತ್ರಿ ನೆನೆಸ್ಕೊಳ್ಳಿ, ಕಮ್ಮಿ ಅಂತ ತಾನೇ ನೆನಪಿರತ್ತೆ. ಹೈಪರ್‌ಥೈರಾಯ್ಡು ಹೈಪೋಥೈರಾಯ್ಡು ಒಂದಕ್ಕೊಂದು ಉಲ್ಟಾ, ಮಾತ್ರೆಗಳೂ ಉಲ್ಟಾ, ಫೋನಲ್ಲಿ ಸಂಬಂಧಿಕರಿಗೆ ಹೇಳೋವಾಗ ದಯವಿಟ್ಟು ಸರಿಯಾಗಿ ಹೇಳಿ. ಅನೀಮಿಯಾದ 'ಅನ್' ನಮ್ಮ ಅನಾರೋಗ್ಯದ 'ಅನ್', ರಕ್ತ ಇಲ್ಲ ಅಂತ ಮೂಲ ಅರ್ಥ, ಈಗ ರಕ್ತಹೀನತೆ. 'ಡಿಸ್' ಅಂದ್ರೆ ದುರ್, 'ಎಂಟರಾನ್' ಅಂದ್ರೆ ಆಂತ್ರ ಅಂದ್ರೆ ಕರುಳು, ಎರಡೂ ಸೇರಿ ಡಿಸೆಂಟ್ರಿ, ಕರುಳು ಕೆಟ್ಟಿದೆ ಅಂತ! ಆಸ್ಟಿಯೋ ಅಂದ್ರೆ ಅಸ್ಥಿ, ಡೆಂಟಲ್ಲು ದಂತ, ಪೆರಿ ಅಂದ್ರೆ ಪರಿ, ಸುತ್ತ ಅಂತ, ಪೆರಿಕಾರ್ಡೈಟಿಸ್ ಅಂದ್ರೆ ಹೃದಯದ ಸುತ್ತ ಇರೋ ಪೊರೆಯ ಉರಿಯೂತ. ಮಸಲ್ ಅನ್ನೋದು ಲ್ಯಾಟಿನ್‌ನಲ್ಲಿ 'ಪುಟ್ಟ ಇಲಿ', ತೋಳು ಮಡಿಸಿದ್ರೆ ಚರ್ಮದ ಕೆಳಗೆ ಇಲಿ ಓಡಿದಂಗೆ ಕಾಣತ್ತಲ್ಲ ಅದಕ್ಕೆ. ಮಯಾಲ್ಜಿಯಾದ 'ಮೈ'ಗೂ ಗ್ರೀಕ್‌ನಲ್ಲಿ ಇಲಿ ಅಂತಾನೂ ಸ್ನಾಯು ಅಂತಾನೂ ಅರ್ಥ, ನಮ್ಮ ಗಣಪತಿ ಮೂಷಿಕನ ನೆಂಟ.

ಪ್ರಾಕ್ಟೀಸ್ ಬೇಕಂದ್ರೆ ಬಸ್ಸಲ್ಲಿ ಹೋಗ್ತಾ ಆಸ್ಪತ್ರೆ ಬೋರ್ಡ್ ಓದಿ, ನಾನು ಹಂಗೇ ಕಲಿತಿದ್ದು. ಜಯದೇವ ಹತ್ರ ಕಾರ್ಡಿಯೋ, ಹೃದಯ. ಕಿದ್ವಾಯಿ ಹತ್ರ ಆಂಕಾಲಜಿ, ಆಂಕೋಸ್ ಅಂದ್ರೆ ಗಂಟು, ಗಡ್ಡೆ. ನಿಮ್ಹಾನ್ಸ್ ಹೆಸರಲ್ಲೇ ನ್ಯೂರೋ ಇದೆ, ನರ. ಆರ್ಥೋಪೆಡಿಕ್ ಅನ್ನೋದ್ರಲ್ಲಿ ಇರೋದು ಮಗು, ಆರ್ಥೋಸ್ ಅಂದ್ರೆ ನೆಟ್ಟಗೆ, ಪೈಸ್ ಅಂದ್ರೆ ಮಗು, 1741ರಲ್ಲಿ ನಿಕೋಲಾ ಆಂಡ್ರಿ ಅನ್ನೋ ಫ್ರೆಂಚ್ ಡಾಕ್ಟ್ರು ಮಕ್ಕಳ ಮೈ ಡೊಂಕು ಸರಿಮಾಡೋದಕ್ಕೆ ಇಟ್ಟ ಹೆಸರು ಅದು.

ಎಲ್ಲಾ ಪದಾನೂ ಹೀಗೆ ಒಡೆಯಲ್ಲ. ಮಲೇರಿಯಾ ಇಟಲಿಯಿಂದ ಬಂದಿದ್ದು, ಕೆಟ್ಟ ಗಾಳಿ ಅಂತ, ಸೊಳ್ಳೆ ವಿಷಯ ಆಗ ಯಾರಿಗೂ ಗೊತ್ತಿರ್ಲಿಲ್ಲ. ಅದನ್ನ 1897ರಲ್ಲಿ ಸಿಕಂದರಾಬಾದಿನಲ್ಲಿ ಪತ್ತೆ ಮಾಡಿದ ರೊನಾಲ್ಡ್ ರಾಸ್ 1883ರಲ್ಲಿ ನಮ್ಮ ಬೆಂಗಳೂರಲ್ಲೇ ಮಿಲಿಟರಿ ಡಾಕ್ಟರಾಗಿದ್ರು, ಬಂಗಲೆ ಹತ್ರ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿ ನೋಡಿ, ನಿಂತ ನೀರು ಚೆಲ್ಲಿದ್ರೆ ಸೊಳ್ಳೆ ಕಮ್ಮಿ ಆಗತ್ತೆ ಅಂತ ಕಂಡ್ಕೊಂಡಿದ್ದು ಇಲ್ಲೇ. ಚಿಕೂನ್‌ಗುನ್ಯಾ ಆಫ್ರಿಕಾದ ಮಕೊಂಡೆ ಭಾಷೆಯ ಪದ, ನೋವಿಗೆ ಮೈ ಬಗ್ಗಿಹೋಗೋದು ಅಂತ, ಚಿಕನ್‌ಗೂ ಅದಕ್ಕೂ ಏನೂ ಸಂಬಂಧ ಇಲ್ಲ.

ಇನ್ನು ನೋಡಿದ ತಕ್ಷಣ ಎದೆ ಧಸಕ್ ಅನ್ನಿಸೋ ಪದಗಳು. ಅಕ್ಯೂಟ್ ಅಂದ್ರೆ ಸೀರಿಯಸ್ ಅಂತಲ್ಲ, ದಿಢೀರ್ ಶುರುವಾಗಿದ್ದು ಅಂತ. ಕ್ರಾನಿಕ್ ಅಂದ್ರೆ ಬಹಳ ದಿನದಿಂದ ಇರೋದು, ಕ್ರೋನೋಸ್ ಅಂದ್ರೆ ಕಾಲ. ಇಡಿಯೋಪಥಿಕ್ ಅಂದ್ರೆ ಕಾರಣ ಗೊತ್ತಾಗಿಲ್ಲ ಅಂತ. ಎನ್‌ಎಡಿ ಅಂತಿದ್ರೆ ತೊಂದರೆ ಏನೂ ಕಂಡಿಲ್ಲ, ನೆಮ್ಮದಿಯಾಗಿರಿ. ಬಿನೈನ್ ಅಂದ್ರೆ ಕ್ಯಾನ್ಸರ್ ಅಲ್ಲದ ಗಡ್ಡೆ, ಮ್ಯಾಲಿಗ್ನೆಂಟ್ ಅಂದ್ರೆ ಕ್ಯಾನ್ಸರ್. ಸ್ಕ್ಯಾನ್ ರಿಪೋರ್ಟಲ್ಲಿ ಮೊದಲು ಕೊನೇಲಿರೋ 'ಇಂಪ್ರೆಷನ್' ಓದಿ, ಸಾರ ಅಲ್ಲಿರತ್ತೆ. ಪದ ಒಡೆಯೋಕೆ ಬಂತು ಅಂತ ಕಾಯಿಲೆ ನಾವೇ ತೀರ್ಮಾನ ಮಾಡೋದು ಬೇಡ, ಅರ್ಥ ಬರ್ಕೊಂಡು ಹೋಗಿ ಡಾಕ್ಟರ್ ಹತ್ರ ಸರಿಯಾಗಿ ಪ್ರಶ್ನೆ ಕೇಳೋದಕ್ಕೆ ಇದು.

ಕೊನೇದಾಗಿ ಚೀಟಿ. ಓಡಿ ಅಂದ್ರೆ ದಿನಕ್ಕೊಂದು ಸಲ, ಬಿಡಿ ಎರಡು ಸಲ, ಟಿಡಿಎಸ್ ಮೂರು ಸಲ, ಎಚ್‌ಎಸ್ ಮಲಗೋವಾಗ, ಎಸಿ ಊಟಕ್ಕೆ ಮುಂಚೆ, ಪಿಸಿ ಊಟ ಆದ್ಮೇಲೆ, ಎಲ್ಲಾ ಲ್ಯಾಟಿನ್ನೇ. ಕಣ್ಣಿನ ಡಾಕ್ಟರ್ ಚೀಟಿಯಲ್ಲಿ ಮಾತ್ರ ಓಡಿ ಅಂದ್ರೆ ಬಲಗಣ್ಣು, ಡ್ರಾಪ್ಸ್ ಹಾಕೋ ಮುಂಚೆ ಕೇಳಿ. ಎಸ್‌ಓಎಸ್ ಅಂದ್ರೆ ಎಮರ್ಜೆನ್ಸಿ ಅಂತಲ್ಲ, 'ಬೇಕಾದ್ರೆ ಮಾತ್ರ' ಅಂತ. ನಮ್ಮ ಪಕ್ಕದ್ಮನೆ ಆಂಟಿ ನೋವಿನ ಮಾತ್ರೆ ಎಸ್‌ಓಎಸ್ ಅಂತ ಬರೆದಿದ್ದನ್ನ, ತುಂಬಾ ಮುಖ್ಯವಾದ ಮಾತ್ರೆ ಇರ್ಬೇಕು ಅಂದ್ಕೊಂಡು ನೋವಿಲ್ದೇ ಇದ್ರೂ ಹತ್ತು ದಿನ ತಪ್ಪದೆ ನುಂಗಿ ಹೊಟ್ಟೆ ಉರಿ ತರಿಸ್ಕೊಂಡ್ರು. ಎಸ್‌ಓಎಸ್ ಅಂತ ಕಂಡ್ರೆ ಎರಡು ಕೇಳಿ, ಒಂದು ತಗೊಂಡ್ಮೇಲೆ ಇನ್ನೊಂದಕ್ಕೆ ಎಷ್ಟು ಗಂಟೆ ಗ್ಯಾಪ್ ಇರ್ಬೇಕು, ದಿನಕ್ಕೆ ಹೆಚ್ಚಂದ್ರೆ ಎಷ್ಟು ತಗೋಬಹುದು, ಕೇಳಿ ಅಲ್ಲೇ ಮಾತ್ರೆ ಕವರ್ ಮೇಲೆ ಕನ್ನಡದಲ್ಲಿ ದಪ್ಪಗೆ ಬರ್ಕೊಂಡು ಬನ್ನಿ.